ಓದುಗರ ಪ್ರಶ್ನೆ, ನಮ್ಮ ಉತ್ತರ: ಚೈತ್ರದ ಕೈತೋಟ ಮತ್ತು ಮನೆಯ ಕಂಪ್ಯೂಟರ್

ಯುಗಾದಿಯ ಆಸುಪಾಸಿನಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ನಿವೃತ್ತರವು. ಬೆಳಗಿನ ಹೊತ್ತು ಗಿಡಗಳ ನಡುವೆ, ಬಿಸಿಲೇರಿದ ಮೇಲೆ ಕಂಪ್ಯೂಟರಿನ ಮುಂದೆ ಎಂಬ ದಿನಚರಿ ಇಟ್ಟುಕೊಂಡವರೇ ಅವರಲ್ಲಿ ಹಲವರು. ಹೀಗಾಗಿ ಒಂದೇ ಪತ್ರದಲ್ಲಿ ಹಿಟ್ಟು ತಿಗಣೆಯ ಕಾಟವೂ ಹಾರ್ಡ್ ಡಿಸ್ಕಿನ ತೊಂದರೆಯೂ ಕಾಣಿಸಿಕೊಳ್ಳುವುದುಂಟು. ಈ ಸಲ ಎರಡನ್ನೂ ಬೇರ್ಪಡಿಸದೆ, ಪ್ರಶ್ನೆಗಳನ್ನು ಅಗತ್ಯವಿದ್ದಷ್ಟು ಸಂಕ್ಷೇಪಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ದಾಸವಾಳದ ಗಿಡಗಳ ಚಿಗುರೆಲ್ಲ ಮುದುಡಿಕೊಂಡು ಬಿಳಿ ಹಿಟ್ಟು ಹಚ್ಚಿದಂತಾಗಿದೆ. ಅಂಗಡಿಯವರು ಕೊಟ್ಟ ಕೀಟನಾಶಕವನ್ನು ಹೇಳಿದ ಪ್ರಮಾಣಕ್ಕಿಂತ ತುಸು ಹೆಚ್ಚಾಗಿಯೇ ಸಿಂಪಡಿಸಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಸ್ಥಿತಿ. ಈಗ ಇನ್ನೂ ದೊಡ್ಡದಾದ, ಓಡಾಡುವ ಬಿಳಿ ಹುಳುಗಳು ಬಂದಿವೆ. ಗಿಡಗಳನ್ನು ಕಿತ್ತೆಸೆಯುವುದೇ ಸರಿಯೆ? (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಕಿತ್ತೆಸೆಯುವ ಅಗತ್ಯವಿಲ್ಲ. ಮೊದಲು ಆ ಓಡಾಡುವ ದೊಡ್ಡ ಬಿಳಿ ಹುಳುಗಳನ್ನು ಭೂತಗನ್ನಡಿ ಹಿಡಿದು ನೋಡಿ. ನಿಮ್ಮ ಗಿಡದ ಚಿಗುರನ್ನು ಮುದುಡಿಸಿರುವ ಹಿಟ್ಟು ತಿಗಣೆ ತನ್ನ ಮೈಮೇಲೆ ಮೇಣದ ಪುಡಿ ಹೊದ್ದು ಕಾಂಡಕ್ಕೆ ಅಂಟಿಕೊಂಡು ರಸ ಹೀರುತ್ತದೆ, ಬೆಳೆದ ಮೇಲೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಅದಕ್ಕಿಂತ ಗಾತ್ರದಲ್ಲಿ ದೊಡ್ಡದಾಗಿದ್ದು, ಮೈತುಂಬ ಉದ್ದನೆಯ ಬಿಳಿ ಎಳೆಗಳನ್ನು ಹೊತ್ತು, ಮುಟ್ಟಿದರೆ ಸರಸರನೆ ನಡೆಯುವ ಹುಳು ನಿಮ್ಮ ಗಿಡದಲ್ಲಿದ್ದರೆ ಅದು ಬಹುಶಃ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತಿಗಣೆಯ ವೇಷದಲ್ಲೇ ಇದ್ದು ತಿಗಣೆಯನ್ನೇ ತಿಂದು ಬದುಕುವ ಜೀವಿ ಅದು. ಆಸ್ಟ್ರೇಲಿಯಾ ಮೂಲದ ಈ ಹುಳುವನ್ನು ಕಾಫಿ ತೋಟಗಳಲ್ಲಿ ಗಿಡಕ್ಕೆ ಚಿಪ್ಪಿನಂತೆ ಅಂಟಿಕೊಂಡು ರಸ ಹೀರುವ ಹಸಿರು ಶಲ್ಕಕೀಟದ ನಿಯಂತ್ರಣಕ್ಕೆಂದು 1898ರಲ್ಲಿ ಭಾರತಕ್ಕೆ ತರಲಾಯಿತು. ಬಂದ ಕೆಲಸದಲ್ಲಿ ಅದು ಅಷ್ಟಾಗಿ ಹೆಸರು ಮಾಡಲಿಲ್ಲವಾದರೂ ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಗಳ ಶತ್ರುವಾಗಿ ಉಳಿದುಕೊಂಡಿತು. ಇಂದು ಪ್ರಯೋಗಾಲಯಗಳಲ್ಲಿ ಸಿಹಿಗುಂಬಳಕಾಯಿಯ ಮೇಲೆ ತಿಗಣೆಗಳನ್ನು ಬೆಳೆಸಿ, ಆ ತಿಗಣೆಗಳನ್ನು ಉಣಿಸಿ ಈ ಗುಲಗಂಜಿ ಹುಳುಗಳನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ. ಬೆಳೆದ ಹುಳುವಿನ ರೆಕ್ಕೆಚಿಪ್ಪು ಕಪ್ಪು, ತಲೆಯ ಭಾಗ ಕಿತ್ತಳೆ ಬಣ್ಣದ್ದು. ಅಂಥವು ಕಂಡರೆ ಕೀಟನಾಶಕದ ಬಾಟಲಿಯನ್ನು ಮುಚ್ಚಿಡಿ, ಏಕೆಂದರೆ ನೀವು ಸಿಂಪಡಿಸುವ ವಿಷ ಮೇಣದ ಹೊದಿಕೆಯೊಳಗಿನ ತಿಗಣೆಗಿಂತ ಮೊದಲು ತಾಗುವುದು ಗಿಡದ ಮೇಲೆ ಓಡಾಡುವ ಈ ಮಿತ್ರನಿಗೆ.

ತಿಗಣೆ ಮತ್ತೆ ಮತ್ತೆ ಬರಲು ಇನ್ನೊಂದು ಕಾರಣ ಇರುವೆ. ತಿಗಣೆ ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಶತ್ರುಕೀಟಗಳನ್ನು ಓಡಿಸುತ್ತವೆ. ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಹಚ್ಚಿದಂತಾಗುತ್ತದೆ. ಆದ್ದರಿಂದ ಇರುವೆಗಳ ಸಾಲು ಎಲ್ಲಿಂದ ಹತ್ತುತ್ತಿದೆಯೆಂದು ಕಂಡುಹಿಡಿದು, ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಕೂರಿಸಿ. ಗಿಡದ ಕೊಂಬೆ ಗೋಡೆಗೆ ತಾಗದಂತೆಯೂ ನೋಡಿಕೊಳ್ಳಿ. ಮುದುಡಿದ ತುದಿಗಳು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅವನ್ನು ಕತ್ತರಿಸಿ ಸೋಪಿನ ನೀರಿನಲ್ಲಿ ಅದ್ದಿ ಹೊರಹಾಕಿ, ಗೊಬ್ಬರದ ಗುಂಡಿಗೆ ಸೇರಿಸಬೇಡಿ. ಉಳಿದ ಭಾಗಕ್ಕೆ ನಲ್ಲಿಯ ನೀರನ್ನು ರಭಸವಾಗಿ ಹಾಯಿಸಿದರೇ ಅರ್ಧ ತಿಗಣೆ ಉದುರುತ್ತದೆ. ಇಷ್ಟಾದ ಮೇಲೂ ಬೇಕೆನಿಸಿದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವರೂಪದ ಸೋಪು ಬೆರೆಸಿ, ಬಿಸಿಲು ಇಳಿದ ಮೇಲೆ, ಗುಲಗಂಜಿ ಮರಿಗಳಿಲ್ಲದ ಕೊಂಬೆಗಳಿಗೆ ಮಾತ್ರ ಸಿಂಪಡಿಸಿ. ಮೊಟ್ಟೆಯಿಂದ ಹೊಸದಾಗಿ ಹೊರಬಂದ ಮರಿತಿಗಣೆಗಳಿಗೆ ಮೇಣದ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಒಂದೇ ಸಲ ಗಾಢವಾಗಿ ಸಿಂಪಡಿಸುವುದಕ್ಕಿಂತ ವಾರಕ್ಕೊಮ್ಮೆ ತೆಳುವಾಗಿ ಎರಡು ಮೂರು ಸಲ ಸಿಂಪಡಿಸುವುದು ಫಲಕಾರಿ. ಅಂಗಡಿಯವರು ಹೇಳಿದ್ದಕ್ಕಿಂತ ಹೆಚ್ಚು ಹಾಕುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಆ ಹೂವುಗಳನ್ನು ದೇವರಿಗೆ ಏರಿಸಿದ ಮೇಲೆ ಮುಡಿಯುವವರೂ ಕಷಾಯಕ್ಕೆ ಬಳಸುವವರೂ ಮನೆಯಲ್ಲೇ ಇರುತ್ತಾರೆ.

ಪ್ರಶ್ನೆ: ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್ ನನ್ನದು. ಪ್ರತಿದಿನ ಬೆಳಿಗ್ಗೆ ಆನ್ ಮಾಡಿದಾಗ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಹೋಗಿರುತ್ತದೆ. ಬ್ಯಾಂಕಿನ ಜಾಲತಾಣ ತೆರೆದರೆ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ದುರಸ್ತಿಯವರು ಮದರ್‌ಬೋರ್ಡ್ ಬದಲಿಸಬೇಕೆನ್ನುತ್ತಾರೆ. ಹೊಸ ಕಂಪ್ಯೂಟರನ್ನೇ ಕೊಳ್ಳಬೇಕೆ? (ನಿವೃತ್ತ ಬ್ಯಾಂಕ್ ನೌಕರರು, ತುಮಕೂರು)

ಉತ್ತರ: ಇವು ಎರಡು ತೊಂದರೆಗಳಂತೆ ಕಂಡರೂ ಮೂಲ ಒಂದೇ. ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಯುತ್ತಿರಲೆಂದು ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಒಂದಿರುತ್ತದೆ. ಬಹುತೇಕ ಕಂಪ್ಯೂಟರುಗಳಲ್ಲಿ ಅದರ ಗುರುತು ಸಿಆರ್ 2032. ಕೆಲವು ವರ್ಷಗಳಲ್ಲಿ ಅದು ಬರಿದಾಗುತ್ತದೆ, ಆಗ ರಾತ್ರಿ ಪ್ಲಗ್ ತೆಗೆದರೆ ಬೆಳಿಗ್ಗೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ಜಾಲತಾಣಕ್ಕೆ ಒಂದು ಸುರಕ್ಷತಾ ಪ್ರಮಾಣಪತ್ರವಿದ್ದು, ಅದರಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಬ್ರೌಸರ್ ಆ ದಿನಾಂಕಗಳನ್ನು ನಿಮ್ಮ ಕಂಪ್ಯೂಟರಿನ ಗಡಿಯಾರದೊಂದಿಗೆ ಹೋಲಿಸುತ್ತದೆ. ಗಡಿಯಾರವೇ ಹಿಂದಿನ ವರ್ಷದಲ್ಲಿದ್ದರೆ, ಇನ್ನೂ ಜಾರಿಗೇ ಬಾರದ ಪ್ರಮಾಣಪತ್ರವೆಂದು ಭಾವಿಸಿ ಬಾಗಿಲು ಮುಚ್ಚುತ್ತದೆ. ಅಂಥ ಎಚ್ಚರಿಕೆಯನ್ನು ದಾಟಿ ‘ಆದರೂ ಮುಂದುವರಿಸು’ ಎಂದು ಒತ್ತುವುದನ್ನು ರೂಢಿ ಮಾಡಿಕೊಳ್ಳಬೇಡಿ, ಏಕೆಂದರೆ ನಿಜವಾದ ಮೋಸದ ತಾಣಕ್ಕೆ ಹೋದಾಗಲೂ ಬೆರಳು ಹಾಗೆಯೇ ಒತ್ತಿಬಿಡುತ್ತದೆ.

ಆ ಸೆಲ್ಲಿಗೆ ನೂರು ರೂಪಾಯಿಯೂ ಆಗುವುದಿಲ್ಲ. ಬದಲಿಸುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಸೆಲ್ ತೆಗೆದೊಡನೆ ಬಯೋಸ್ ಎಂಬ ಮೂಲ ಹೊಂದಾಣಿಕೆಗಳು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಹಾರ್ಡ್ ಡಿಸ್ಕನ್ನು ಓದುವ ವಿಧಾನವೂ ಬದಲಾಗಿಬಿಟ್ಟರೆ ವಿಂಡೋಸ್ ಏಳದೆ ಹೋಗಬಹುದು, ಆಗ ಮದರ್‌ಬೋರ್ಡ್ ಕೆಟ್ಟಿದೆ ಎಂಬ ಮಾತು ನಿಜವೆಂದೇ ತೋರುತ್ತದೆ. ಆದ್ದರಿಂದ ಮೊದಲೇ ಬಯೋಸ್ ಪುಟಗಳನ್ನು ತೆರೆದು ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆದಿಟ್ಟುಕೊಳ್ಳಿ. ಅನಂತರ ಪ್ಲಗ್ ಕಿತ್ತು, ಲೋಹದ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಹಳೆಯ ಸೆಲ್ ಯಾವ ಮುಖ ಮೇಲಾಗಿತ್ತೋ ಹಾಗೆಯೇ ಹೊಸದನ್ನು ಕೂರಿಸಿ. ಹೊಸ ಸೆಲ್ ಹಾಕಿದ ಮೇಲೂ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ ಮಾತ್ರ ಮದರ್‌ಬೋರ್ಡಿನ ಚರ್ಚೆಗೆ ಇಳಿಯಬಹುದು.

ಹೊಸ ಕಂಪ್ಯೂಟರಿನ ಪ್ರಶ್ನೆ ಬೇರೆ. ನಿಮ್ಮಲ್ಲಿರುವುದು ವಿಂಡೋಸ್ 10 ಎಂದು ಪತ್ರದಿಂದ ತಿಳಿಯುತ್ತದೆ. ಅದಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಹೆಚ್ಚುವರಿ ಸುರಕ್ಷತಾ ಪರಿಷ್ಕರಣೆಗಳು 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆಯಿತ್ತು. ನಿಮ್ಮಷ್ಟು ಹಳೆಯ ಯಂತ್ರಗಳು ಸಾಮಾನ್ಯವಾಗಿ ವಿಂಡೋಸ್ 11ರ ನಿಯಮಗಳನ್ನು ಪೂರೈಸುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವವರು ಪರಿಷ್ಕರಣೆ ನಿಂತ ವ್ಯವಸ್ಥೆಯಲ್ಲಿ ಮುಂದುವರಿಯುವುದು ಜಾಣತನವಲ್ಲ. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಗೆ ಬದಲಾಗಬಹುದು. ಪತ್ರವ್ಯವಹಾರ, ಓದು, ಕನ್ನಡ ಟೈಪಿಂಗ್ ಎಲ್ಲಕ್ಕೂ ಅದು ಸಾಕು. ವೇಗದ ವಿಷಯದಲ್ಲಿ ಎಸ್ಎಸ್‌ಡಿಯಷ್ಟು ಕಣ್ಣಿಗೆ ಕಾಣುವ ವ್ಯತ್ಯಾಸ ತರುವ ಬಿಡಿಭಾಗ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ದುಂಡುಮಲ್ಲಿಗೆ ಬಳ್ಳಿ ಹುಲುಸಾಗಿದೆ, ಮೊಗ್ಗಿಲ್ಲ. ಈಗ ಕತ್ತರಿಸಬಹುದೆ? (ಗೃಹಿಣಿ, ಶಿವಮೊಗ್ಗ)

ಉತ್ತರ: ದುಂಡುಮಲ್ಲಿಗೆಯನ್ನು ಬಲವಾಗಿ ಸವರುವ ಕಾಲ ನವೆಂಬರ್ ಕೊನೆ. ಹಾಗೆ ಮಾಡಿದರೆ ಮಾರ್ಚಿನಿಂದ ಹೂವು ತೊಡಗುತ್ತದೆ. ಈಗ ತುದಿಗಳನ್ನಷ್ಟೇ ಚಿವುಟಿ, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವಲ್ಲಿಗೆ ಕುಂಡವನ್ನು ಸರಿಸಿ. ಸಗಣಿ ಗೊಬ್ಬರ, ಯೂರಿಯಾ ಇತ್ಯಾದಿಗಳನ್ನು ಸದ್ಯಕ್ಕೆ ನಿಲ್ಲಿಸಿ. ಸಾರಜನಕ ಹೆಚ್ಚಾದ ಬಳ್ಳಿ ಎಲೆಯನ್ನೇ ಬೆಳೆಸುತ್ತದೆ.

ಪ್ರಶ್ನೆ: ಹಲವು ವರ್ಷಗಳಿಂದ ತೋಟದ ದಿನಚರಿಯನ್ನು ‘ನುಡಿ’ಯಲ್ಲಿ ಟೈಪ್ ಮಾಡುತ್ತ ಬಂದಿದ್ದೇನೆ. ಯಾವ ಬೀಜ ಯಾವಾಗ ಬಿತ್ತಿದೆ, ಮೊದಲ ಮಳೆ ಎಂದು ಬಂತು ಎಲ್ಲವೂ ಅದರಲ್ಲಿದೆ. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ. ಅದರಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮಾತ್ರ. ಎಲ್ಲವೂ ಹಾಳಾಯಿತೆ? (ನಿವೃತ್ತ ಸರ್ಕಾರಿ ನೌಕರರು, ಧಾರವಾಡ)

ಉತ್ತರ: ಏನೂ ಹಾಳಾಗಿಲ್ಲ, ಆದರೆ ಆ ಕಡತವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತಿದ್ದಿ ಉಳಿಸಲು ಹೋಗಬೇಡಿ. ಮೊದಲು ಮೂಲ ಕಡತಗಳ ಒಂದು ಪ್ರತಿಯನ್ನು ಪೆನ್ ಡ್ರೈವಿಗೂ ಇನ್ನೊಂದನ್ನು ಬೇರೆ ಡಿಸ್ಕಿಗೂ ಹಾಕಿ ಪಕ್ಕಕ್ಕಿಡಿ. ಈ ಅವಸರದ ಸೂಚನೆಗೆ ಕಾರಣವಿದೆ.

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಅಕ್ಷರಶೈಲಿಗಳು (ಫಾಂಟುಗಳು), ಆ ಕಾಲದ ‘ಬರಹ’ ಮೊದಲಾದವುಗಳಂತೆಯೇ, ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ್ದವು. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತವೇ, ಕನ್ನಡವಾಗಿ ತೋರಿಸುವುದು ಅಕ್ಷರಶೈಲಿ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಅಕ್ಷರಶೈಲಿ ಇಲ್ಲದ್ದರಿಂದ ಒಳಗಿನ ಸಂಕೇತ ಬಯಲಾಗಿದೆ. ಎಲ್ಲ ಲಿಪಿಗಳಿಗೂ ಸಲ್ಲುವ ಸಂಕೇತ ಪದ್ಧತಿಯಾದ ಯೂನಿಕೋಡ್ ಹಾಗಲ್ಲ. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದ್ದು, ಯಾವ ಯಂತ್ರದಲ್ಲಿ ತೆರೆದರೂ ‘ಕ’ ಎಂಬುದು ‘ಕ’ ಆಗಿಯೇ ಉಳಿಯುತ್ತದೆ.

ಇನ್ನು ತಿದ್ದಬೇಡಿ ಎಂದದ್ದೇಕೆ? ವರ್ಡ್ ತಂತ್ರಾಂಶವು ವಾಕ್ಯದ ಮೊದಲ ಇಂಗ್ಲಿಷ್ ಅಕ್ಷರವನ್ನು ತಾನಾಗಿಯೇ ದೊಡ್ಡಕ್ಷರವಾಗಿ ಬದಲಿಸುತ್ತದೆ, ಪರಿಚಿತವಲ್ಲದ ಪದವನ್ನು ‘ಸರಿಪಡಿಸುತ್ತದೆ’. ಹಳೆಯ ಅಕ್ಷರಶೈಲಿಗಳಲ್ಲಿ ಚಿಕ್ಕಕ್ಷರಕ್ಕೂ ದೊಡ್ಡಕ್ಷರಕ್ಕೂ ಬೇರೆ ಬೇರೆ ಕನ್ನಡ ಚಿತ್ರಗಳಿರುವುದರಿಂದ, ನೀವು ಗಮನಿಸದೆ ಕಡತ ಉಳಿಸಿದರೆ ಪದಗಳು ನಿಜವಾಗಿಯೂ ಕೆಡುತ್ತವೆ. ಈ ಸ್ವಯಂ ತಿದ್ದುಪಡಿಯನ್ನು ಮೊದಲು ನಿಲ್ಲಿಸಿ. ಅನಂತರ ‘ನುಡಿ’ಯನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿದರೆ, ಅಥವಾ ಹಳೆಯ ಯಂತ್ರದ ಫಾಂಟ್ಸ್ ಕೋಶದಿಂದ ಆ ಅಕ್ಷರಶೈಲಿಗಳನ್ನು ತಂದು ಹಾಕಿದರೆ, ದಿನಚರಿ ಮೊದಲಿನಂತೆಯೇ ಓದಲು ಸಿಗುತ್ತದೆ.

ಓದುವುದಕ್ಕೆ ಅಷ್ಟು ಸಾಕು. ಆದರೂ ದಿನಚರಿಯನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ ಎಂದೇ ನಮ್ಮ ಸಲಹೆ. ‘ಅವರೆ’ ಎಂದು ಹುಡುಕಿದರೆ ಅವರೆ ಬಿತ್ತಿದ ಎಲ್ಲ ವರ್ಷಗಳೂ ಕಣ್ಣ ಮುಂದೆ ಬರಬೇಕಾದರೆ, ಮೊಮ್ಮಕ್ಕಳು ಮೊಬೈಲಿನಲ್ಲಿ ಓದಬೇಕಾದರೆ ಅದೇ ದಾರಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು. ಹಳೆಯ ಶೈಲಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಹೀಗಾಗಿ ‘ಸೂರ್ಯ’, ‘ಕರ್ಪೂರ’ದಂತಹ ಪದಗಳು ಕೆಲವೊಮ್ಮೆ ತಿರುವುಮುರುವಾಗುತ್ತವೆ. ಇನ್ನೊಂದು, ನಡುನಡುವೆ ಬರೆದಿರುವ ಇಂಗ್ಲಿಷ್ ಪದಗಳು ಮತ್ತು ಸಸ್ಯಗಳ ವೈಜ್ಞಾನಿಕ ಹೆಸರುಗಳು. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅಕ್ಷರಗಳ ರಾಶಿ ಮಾಡಿಬಿಡುತ್ತದೆ. ಒಂದೊಂದು ವರ್ಷದ ಕಡತವನ್ನು ಬೇರೆಯಾಗಿ ಪರಿವರ್ತಿಸಿ, ಹಳೆಯ ಪ್ರತಿಯ ಪಕ್ಕದಲ್ಲಿಟ್ಟು ಓದಿ ನೋಡಿ. ಬೇಸಿಗೆಯ ಮಧ್ಯಾಹ್ನಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಹುಡುಕುವುದು ಕಷ್ಟ.

ಪ್ರಶ್ನೆ: ಏಪ್ರಿಲ್ ಬಂತೆಂದರೆ ನಮ್ಮ ಕಂಪ್ಯೂಟರ್ ಮಧ್ಯಾಹ್ನ ತಾನಾಗಿ ಆರಿಹೋಗುತ್ತದೆ. ಸಂಜೆ ಸರಿಯಾಗಿರುತ್ತದೆ. (ಕಲಬುರಗಿ)

ಉತ್ತರ: 40 ಡಿಗ್ರಿ ದಾಟುವ ಊರಿನಲ್ಲಿ ಇದು ಅಚ್ಚರಿಯಲ್ಲ. ಪ್ರಾಸೆಸರ್ ಮಿತಿಮೀರಿ ಕಾದಾಗ ಸುಟ್ಟುಹೋಗದಿರಲೆಂದು ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಪೆಟ್ಟಿಗೆ ತೆರೆಸಿ ಫ್ಯಾನು ಮತ್ತು ಅದರ ಕೆಳಗಿನ ಲೋಹದ ರೆಕ್ಕೆಗಳ ನಡುವಿನ ಧೂಳನ್ನು ತೆಗೆಸಿ. ಗಾಳಿ ಊದುವಾಗ ಫ್ಯಾನು ಗಿರ್ರನೆ ತಿರುಗದಂತೆ ಹಿಡಿದಿರಬೇಕು. ಪ್ರಾಸೆಸರಿನ ಶಾಖವನ್ನು ಆ ಲೋಹಕ್ಕೆ ದಾಟಿಸುವ, ಈಗ ಒಣಗಿರುವ ಥರ್ಮಲ್ ಪೇಸ್ಟನ್ನೂ ಬದಲಿಸಲು ಹೇಳಿ. ಆದರೆ ಆರುವ ಬಗೆಯನ್ನು ಗಮನಿಸಿ. ಗಂಟೆಗಟ್ಟಲೆ ನಡೆದು ಆರಿದರೆ ಶಾಖ ಕಾರಣ. ಕರೆಂಟು ಹೋದ ಕ್ಷಣದಲ್ಲಿ ಅಥವಾ ಪಂಪು ಶುರುವಾದ ಕ್ಷಣದಲ್ಲಿ ಆರಿದರೆ ಯುಪಿಎಸ್‌ನ ಬ್ಯಾಟರಿ ದುರ್ಬಲವಾಗಿದೆ. ಸೀಸ-ಆಮ್ಲದ ಆ ಬ್ಯಾಟರಿಗಳು ಬಿಸಿ ಊರುಗಳಲ್ಲಿ ಬೇಗ ಸಾಯುತ್ತವೆ, ಎರಡು ಮೂರು ವರ್ಷ ಬಂದರೆ ಬಂತು.

ಮುಂಗಾರಿಗೆ ಮುಂಚಿನ ಗುಡುಗು ಮಳೆಯೂ ಇದೇ ತಿಂಗಳುಗಳಲ್ಲಿ. ಸಿಡಿಲು ಹತ್ತಿರ ಬಿದ್ದರೆ ಯುಪಿಎಸ್ ಕಾಪಾಡುವುದಿಲ್ಲ. ಮೋಡ ಕವಿದೊಡನೆ ಪ್ಲಗ್ ಕಿತ್ತಿಡಿ, ತಾಮ್ರದ ತಂತಿಯ ದೂರವಾಣಿ ಸಂಪರ್ಕವಿದ್ದರೆ ಮೋಡೆಮಿನಿಂದ ಅದನ್ನೂ ತೆಗೆಯಿರಿ. ಎಷ್ಟೋ ಮನೆಗಳಲ್ಲಿ ಪ್ಲಗ್ ಕಿತ್ತಿದ್ದರೂ ದೂರವಾಣಿಯ ತಂತಿಯ ಮೂಲಕ ಹಾನಿ ಒಳಬರುತ್ತದೆ.

ಪ್ರಶ್ನೆ: ಮೊದಲನೆಯ ಮಹಡಿಯ ತಾರಸಿಯಲ್ಲಿ ತರಕಾರಿ ಬೆಳೆಯುವ ಆಸೆ. ಎಷ್ಟು ಚೀಲಗಳನ್ನಿಡಬಹುದು? ಈಗ ಏನು ಬಿತ್ತಬಹುದು? ನೀರಿನದೂ ಚಿಂತೆ. (ನಿವೃತ್ತ ಕಾರ್ಖಾನೆ ನೌಕರರು, ಬೆಂಗಳೂರು)

ಉತ್ತರ: ಲೆಕ್ಕ ಹೀಗಿದೆ. 12 ಅಂಗುಲ ಅಗಲ, ಅಷ್ಟೇ ಎತ್ತರದ ಚೀಲದಲ್ಲಿ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಬರಿಯ ತೋಟದ ಮಣ್ಣಾದರೆ ನೀರುಂಡ ಮೇಲೆ ಅದರ ತೂಕ 30 ಕಿಲೋ ದಾಟುತ್ತದೆ. ಜನ ಓಡಾಡುವ ಚಪ್ಪಟೆ ತಾರಸಿಗೆ ಭಾರತೀಯ ಮಾನಕಗಳಲ್ಲಿ ಹೇಳಿರುವ ಬಳಕೆಯ ಭಾರ ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋ. ಹೀಗಾಗಿ ಒಂದು ಚದರ ಮೀಟರಿಗೆ ನಾಲ್ಕು ಚೀಲವೆಂದರೆ ಬಹುತೇಕ ಮಿತಿ ತಲುಪಿದಂತೆಯೇ. ತಾರಸಿಯ ನಡುವನ್ನು ಖಾಲಿ ಬಿಟ್ಟು, ಗೋಡೆ ಮತ್ತು ತೊಲೆಗಳ ನೇರದಲ್ಲಿ ಸಾಲಾಗಿಡಿ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸಮಪಾಲು ಬೆರೆಸಿದರೆ ಭಾರವೂ ಇಳಿಯುತ್ತದೆ, ತೇವವೂ ನಿಲ್ಲುತ್ತದೆ. ಹಳೆಯ ಕಟ್ಟಡವಾದರೆ ಇಂಜಿನಿಯರರೊಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಈ ಬಿಸಿಲಿಗೆ ಎಲೆಕೋಸು, ಹೂಕೋಸುಗಳ ಗೋಜು ಬೇಡ. ಹರಿವೆ, ದಂಟು, ಬೆಂಡೆ, ಹೀರೆ, ಸೌತೆ ಚೆನ್ನಾಗಿ ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಹರಿವೆಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಅಲ್ಲಿಯದೇ ಆದ ‘ಅರ್ಕಾ ಅನಾಮಿಕ’ ಬೆಂಡೆಯನ್ನು ಹಳದಿ ನಂಜುರೋಗ ತಡೆಯಲೆಂದು ರೂಪಿಸಲಾಗಿತ್ತು. ನೀರಿನ ವಿಷಯದಲ್ಲಿ ನಿಮ್ಮ ಚಿಂತೆ ನ್ಯಾಯವಾದದ್ದೇ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ಯಾರೂ ಮರೆತಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟಿನಲ್ಲಿ ಸಂಗ್ರಹಿಸಿ ಅಂದೇ ಹಾಕಿ. ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು, ಅದನ್ನೇ ನಿತ್ಯ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಬೇರೆ ನೀರಿನೊಂದಿಗೆ ಸರದಿಯ ಮೇಲೆ ಬಳಸಿ. ಮಣ್ಣಿನ ಮೇಲೆ ಎರಡು ಅಂಗುಲ ಒಣ ಎಲೆಗಳನ್ನು ಹರಡಿದರೆ ನೀರಿನ ಬಳಕೆ ಗಮನಾರ್ಹವಾಗಿ ಇಳಿಯುತ್ತದೆ.

ಪ್ರಶ್ನೆ: ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಂದೇಶ ಪರದೆ ತುಂಬ ಬಂದು ಕಿರುಚುತ್ತದೆ. ಕರೆ ಮಾಡಲೆ? (ಉಡುಪಿ)

ಉತ್ತರ: ಬೇಡವೇ ಬೇಡ. ಅದು ಬರಿಯ ಜಾಲಪುಟ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಬ್ರೌಸರನ್ನು ಮುಚ್ಚಿ, ಆಗದಿದ್ದರೆ ಯಂತ್ರವನ್ನೇ ಆರಿಸಿ. ಕರೆ ಮಾಡಿದವರಿಂದ ದೂರನಿಯಂತ್ರಣದ ತಂತ್ರಾಂಶ ಹಾಕಿಸಿ ಖಾತೆ ಬರಿದು ಮಾಡುವುದು ಆ ಸಂದೇಶದ ಹಿಂದಿರುವ ವಂಚಕರ ಕಸುಬು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಪ್ರಶ್ನೆ: ಮೊಣಕಾಲು ನೋವಿನಿಂದ ಬಗ್ಗಿ ತೋಟದ ಕೆಲಸ ಮಾಡಲಾರೆ. ಗಿಡಮರಗಳ ನಂಟು ಬಿಡಲೂ ಮನಸ್ಸಿಲ್ಲ. ಲಾಲ್‌ಬಾಗ್ ಹತ್ತಿರವೇ ಮನೆ. ಈ ಋತುವಿಗೆ ತಕ್ಕ ಹವ್ಯಾಸ ಸೂಚಿಸುವಿರಾ? (ನಿವೃತ್ತ ಗ್ರಂಥಪಾಲಕರು, ಬೆಂಗಳೂರು)

ಉತ್ತರ: ಮರಗಳ ದಿನಚರಿ ಬರೆಯಿರಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರೆಂಬುದು ನಿಮಗೆ ತಿಳಿದದ್ದೇ. ಆ ಸರದಿ ಈಗಲೂ ಹಾಗೆಯೇ ನಡೆಯುತ್ತಿದೆಯೆ, ಹಿಂದುಮುಂದಾಗಿದೆಯೆ ಎಂಬುದನ್ನು ನೋಡಲು ವರ್ಷಗಟ್ಟಲೆ ಒಂದೇ ಮರವನ್ನು ಗಮನಿಸುವವರು ಬೇಕು. ‘ಸೀಸನ್‌ವಾಚ್’ ಎಂಬ ಯೋಜನೆ ಇಂಥದ್ದಕ್ಕೇ ಇದೆ. ನಿಮಗೆ ಹತ್ತಿರದ ಒಂದು ಹೊಂಗೆ, ಬೇವು ಅಥವಾ ಮಾವಿನ ಮರವನ್ನು ನೋಂದಾಯಿಸಿ, ವಾರಕ್ಕೊಮ್ಮೆ ಅದರ ಚಿಗುರು, ಮೊಗ್ಗು, ಹೂವು, ಕಾಯಿ ಎಷ್ಟಿದೆಯೆಂದು ದಾಖಲಿಸುವುದಷ್ಟೇ ಕೆಲಸ. ಹೊಂಗೆಯನ್ನೇ ಆರಿಸಿ ಎಂಬುದು ನಮ್ಮ ಒಲವು. ಅದು ಎಲೆ ಉದುರಿಸಿ, ತಿಳಿಹಸಿರು ಚಿಗುರು ತಳೆದು, ಹೂವಿಡುವುದೆಲ್ಲವೂ ಕೆಲವೇ ವಾರಗಳಲ್ಲಿ ನಡೆಯುವುದರಿಂದ ಹೊಸಬರಿಗೆ ಬೇಸರವಾಗುವುದಿಲ್ಲ.

ಪ್ರತಿ ವಾರ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಕಂಪ್ಯೂಟರಿಗೆ ಹಾಕುವಾಗ ಕಡತದ ಹೆಸರನ್ನು ವರ್ಷ, ತಿಂಗಳು, ದಿನ, ಮರ ಎಂಬ ಕ್ರಮದಲ್ಲಿ, ಅಂದರೆ 2026-03-22-ಹೊಂಗೆ ಎಂಬಂತೆ ಇಡಿ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಇಪ್ಪತ್ತೆರಡನೆಯ ತಾರೀಖುಗಳೂ ಒಂದೆಡೆ ಗುಂಪಾಗಿಬಿಡುತ್ತವೆ. ವರ್ಷವನ್ನು ಮೊದಲು ಬರೆದರೆ ಯಂತ್ರವೇ ಕಾಲಾನುಕ್ರಮವಾಗಿ ಜೋಡಿಸಿಕೊಡುತ್ತದೆ. ಗ್ರಂಥಪಾಲಕರಾಗಿದ್ದ ತಮಗೆ ಇದನ್ನು ನಾವು ಹೇಳಬೇಕಾಗಿರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳಿದ್ದರಿಂದ ಇಲ್ಲಿಯೇ ಸೇರಿಸಿದ್ದೇವೆ.